ದೂರದ ಮೌಂಟನ್ ಬೈಕ್ ರೇಸು: ನಿಯಮ ಮತ್ತು ಮರ್ಯಾದೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟದ ಕಾಲುದಾರಿಯಲ್ಲಿ ಒಂದು ಸೈಕಲ್ಲಿಗಷ್ಟೇ ಜಾಗ. ಆಸ್ಪತ್ರೆ, ಮೆಕ್ಯಾನಿಕ್, ಡಾಂಬರು ರಸ್ತೆ ಎಲ್ಲವೂ ಗಂಟೆಗಟ್ಟಲೆ ದೂರ. ಈ ರೇಸುಗಳ ನಿಯಮಗಳಲ್ಲಿ ಮುಕ್ಕಾಲು ಪಾಲು ಈ ಎರಡು ಸಂಗತಿಗಳಿಂದಲೇ ಹುಟ್ಟಿದವು. ಮೊದಲ ಸಲ ಹೆಸರು ಕೊಡುವವರು, ನಾಲ್ಕಾರು ರೇಸು ಮುಗಿಸಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು, ಸುಲಭದ್ದರಿಂದ ಕಷ್ಟದ್ದರ ಕಡೆಗೆ ಜೋಡಿಸಿದ್ದೇವೆ.

## ಹೆಸರು ಕೊಡುವ ಮುಂಚೆ

ಎಂಡ್ಯೂರೆನ್ಸ್ ರೇಸ್ ಅಂದರೆ ಎಷ್ಟು ಕಿಲೋಮೀಟರ್? ಒಲಿಂಪಿಕ್ಸ್‌ನಲ್ಲಿ ನೋಡೋದು ಇದೇನಾ?

ಅಲ್ಲ. 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿ ನಡೆಯುತ್ತಿರುವ ಕ್ರಾಸ್ ಕಂಟ್ರಿ ಚಿಕ್ಕ ಸುತ್ತಿನ ಓಟ, ಒಂದೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿದುಹೋಗುತ್ತದೆ. ದೂರದ ಓಟದಲ್ಲಿ ನಾಲ್ಕು ಬಗೆ. ಒಂದೇ ದಿನದ ಮ್ಯಾರಥಾನ್ ಮೊದಲನೆಯದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವಾದ ಯುಸಿಐ ಇದಕ್ಕೆ 60ರಿಂದ 160 ಕಿ.ಮೀ. ಎಂದು ಗೆರೆ ಹಾಕಿದೆ. ಎರಡನೆಯದು ಹಲವು ದಿನಗಳ ಸ್ಟೇಜ್ ರೇಸ್: ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ 2004ರಿಂದ ನಡೆಯುವ ಕೇಪ್ ಎಪಿಕ್, ನಮ್ಮಲ್ಲಿ ಹಿಮಾಚಲದಲ್ಲಿ 2005ರಲ್ಲಿ ಶುರುವಾದ ಎಂಟಿಬಿ ಹಿಮಾಲಯ. ಮೂರನೆಯದು ಒಂದೇ ಸುತ್ತನ್ನು ಹಗಲು ರಾತ್ರಿ ತುಳಿಯುವ 24 ಗಂಟೆಯ ರೇಸ್. ನಾಲ್ಕನೆಯದರಲ್ಲಿ ಯಾರ ನೆರವೂ ಇಲ್ಲದೆ, ಹೊದಿಕೆ ಊಟ ಎಲ್ಲ ಕಟ್ಟಿಕೊಂಡು ಸಾವಿರಾರು ಕಿ.ಮೀ. ಹೋಗಬೇಕು.

ಎಲ್ಲದಕ್ಕೂ ಒಂದೇ ನಿಯಮಪುಸ್ತಕ ಇಲ್ವಾ?

ಇಲ್ಲ. ಯುಸಿಐ ಪಟ್ಟಿಯಲ್ಲಿರುವ ರೇಸಿಗೆ ಯುಸಿಐ ನಿಯಮವೇ ಬುನಾದಿ, ಅದರ ಮೇಲೆ ಆಯೋಜಕರ ಸ್ವಂತ ನಿಯಮಗಳು. ಪಟ್ಟಿಯಲ್ಲಿಲ್ಲದ ರೇಸಿನಲ್ಲಿ ಆಯೋಜಕರ ಮಾತೇ ಕೊನೆ. ಆದ್ದರಿಂದ ಮುಂದಿನ ಉತ್ತರಗಳಲ್ಲಿ "ಸಾಮಾನ್ಯವಾಗಿ" ಎಂದಿರುವ ಕಡೆ ನಿಮ್ಮ ರೇಸಿನ ನಿಯಮಪುಸ್ತಕ ತೆಗೆದು ನೋಡಿ. ಹಿಂದಿನ ಸಂಜೆಯ ಬ್ರೀಫಿಂಗ್ ತಪ್ಪಿಸಿಕೊಳ್ಳಬೇಡಿ. ಮಳೆಗೆ ದಾರಿ ಕೊಚ್ಚಿಹೋಗಿ ಮಾರ್ಗ ಬದಲಾಗಿದ್ದರೆ ಅದನ್ನು ಹೇಳುವುದು ಅಲ್ಲಿ ಮಾತ್ರ.

ನನ್ನ ಸೈಕಲ್ ಇದ್ದ ಹಾಗೇ ತಂದರೆ ಒಳಗೆ ಬಿಡ್ತಾರಾ?

ಎರಡೂ ಬ್ರೇಕ್ ಸರಿಯಾಗಿ ಹಿಡಿಯಬೇಕು. ಹ್ಯಾಂಡಲ್‌ನ ಎರಡು ತುದಿಗಳಲ್ಲೂ ಬಿರಡೆ ಇರಬೇಕು. ಇದನ್ನು ಹಲವರು ಹಗುರವಾಗಿ ತೆಗೆದುಕೊಳ್ಳುತ್ತಾರೆ, ಆದರೆ ತೆರೆದ ಕೊಳವೆಯ ಮೇಲೆ ಬಿದ್ದರೆ ಅದು ತೊಡೆಗೋ ಹೊಟ್ಟೆಗೋ ಹೋಳು ತೆಗೆದ ಹಾಗೆ ಇಳಿಯುತ್ತದೆ. ಯುಸಿಐ ರೇಸಿನಲ್ಲಿ ರಸ್ತೆ ಸೈಕಲ್ಲಿನ ಬಾಗಿದ ಹ್ಯಾಂಡಲ್ ಮತ್ತು ಲೋಹದ ಮೊಳೆಯಿರುವ ಟೈರಿಗೆ ಅವಕಾಶವಿಲ್ಲ, ರೇಡಿಯೊದಲ್ಲಿ ಸವಾರರ ಜತೆ ಮಾತಾಡುವ ಹಾಗೂ ಇಲ್ಲ. ಮೋಟಾರ್ ಇರುವ ಸೈಕಲ್ಲಿಗೆ ಬೇರೆ ವಿಭಾಗವಿದ್ದರೆ ಮಾತ್ರ ಪ್ರವೇಶ. ಹೆಲ್ಮೆಟ್ ರೇಸಿಗಷ್ಟೇ ಅಲ್ಲ, ಹಿಂದಿನ ದಿನ ದಾರಿ ನೋಡಲು ಹೋಗುವಾಗಲೂ ಕಡ್ಡಾಯ. ನಂಬರ್ ಫಲಕವನ್ನು ಕತ್ತರಿಸುವುದು, ಮಡಚುವುದು ತಪ್ಪು. ಕೇಬಲ್‌ಗಳ ಮುಂದೆ ಕಟ್ಟಿ, ಹಿಂದೆ ಸಿಕ್ಕಿಸಿದರೆ ಹ್ಯಾಂಡಲ್ ತಿರುಗಿಸಿದಾಗ ಗೇರ್ ಕೇಬಲ್ ಎಳೆಯುತ್ತದೆ.

ಗೆಳೆಯನಿಗೆ ಬರೋಕೆ ಆಗ್ತಿಲ್ಲ. ಅವನ ನಂಬರ್ ಹಾಕ್ಕೊಂಡು ನಾನು ಓಡಿಸಬಹುದಾ?

ಬೇಡ. ನಂಬರ್ ಅಂದರೆ ಅದರ ಹಿಂದಿರುವ ವಿಮೆ, ರಕ್ತದ ಗುಂಪು, ಔಷಧದ ಅಲರ್ಜಿ, ತುರ್ತು ದೂರವಾಣಿ ಎಲ್ಲ ಸೇರಿದ ಕಡತ. ಪ್ರಜ್ಞೆ ತಪ್ಪಿ ಬಿದ್ದವರಿಗೆ ವೈದ್ಯರು ಚಿಕಿತ್ಸೆ ಶುರುಮಾಡುವುದು ಆ ಕಡತ ನೋಡಿ. ಫೋನ್ ಹೋಗುವುದು ನಿಮ್ಮ ಮನೆಗಲ್ಲ, ಗೆಳೆಯನ ಮನೆಗೆ. ಹೆಸರು ಬದಲಾಯಿಸುವ ಅವಕಾಶ ಬಹಳ ರೇಸುಗಳಲ್ಲಿ ಒಂದು ದಿನಾಂಕದವರೆಗೆ ಇರುತ್ತದೆ, ಶುಲ್ಕ ಕೊಟ್ಟು ಅದನ್ನೇ ಮಾಡಿಸಿ.

ಸ್ಟಾರ್ಟ್‌ನಲ್ಲಿ ಮುಂದೆ ಹೋಗಿ ನಿಂತರೆ ಲಾಭ ಅಲ್ವಾ?

ಮೊದಲ ಐದು ನಿಮಿಷ ಮಾತ್ರ. ದೊಡ್ಡ ರೇಸುಗಳಲ್ಲಿ ಹಿಂದಿನ ಫಲಿತಾಂಶ ನೋಡಿ ಗುಂಪು ಮಾಡಿರುತ್ತಾರೆ. ಗುಂಪಿಲ್ಲದ ರೇಸಿನಲ್ಲಿ ನಿಮ್ಮ ನಿಜವಾದ ವೇಗಕ್ಕೆ ತಕ್ಕ ಜಾಗದಲ್ಲಿ ನಿಲ್ಲಿ. ಮುಂದೆ ನಿಂತ ನಿಧಾನದ ಸವಾರ ಮೊದಲ ಕಾಲುದಾರಿಯ ಬಾಯಲ್ಲೇ ನೂರಾರು ಜನರನ್ನು ತಡೆದು, ಅವರ ಗಡಿಬಿಡಿಗೆ ತಾನೂ ಬೀಳುತ್ತಾನೆ.

## ದಾರಿಯ ಮೇಲೆ

ಹಿಂದಿನಿಂದ ಯಾರೋ ಕೂಗಿದ ತಕ್ಷಣ ನಾನು ಇಳಿದು ಜಾಗ ಬಿಡಬೇಕಾ?

ಇಳಿಯಬೇಕಿಲ್ಲ, ಆದರೆ ಉತ್ತರ ಕೊಡಬೇಕು. "ಕೇಳಿಸ್ತು, ತಿರುವು ಕಳೆದ ಮೇಲೆ ಬಲಕ್ಕೆ ಬಿಡ್ತೀನಿ" ಎಂದರೆ ಸಾಕು, ಹಿಂದಿನವರ ಆತುರ ಅರ್ಧ ಇಳಿಯುತ್ತದೆ. ವೇಗದ ಸವಾರರನ್ನು ಅಡ್ಡಿಪಡಿಸದೆ ಬಿಡಬೇಕು ಎಂಬುದು ಯುಸಿಐ ನಿಯಮದಲ್ಲೇ ಇದೆ. ಎಲ್ಲಿ ಬಿಡಬೇಕು ಎಂಬುದು ನಿಮ್ಮ ಆಯ್ಕೆ, ಅದು ಸುರಕ್ಷಿತವಾಗಿ ಸಿಗುವ ಮೊದಲ ಜಾಗವಾಗಿರಲಿ. ಕಲ್ಲಿನ ಇಳಿಜಾರಿನ ನಡುವೆ ಗಾಬರಿಯಿಂದ ಅಂಚಿಗೆ ಸರಿದರೆ ಇಬ್ಬರೂ ಬೀಳುತ್ತೀರಿ. ಸರಿಯುವಾಗ ನಿಮ್ಮ ಸೈಕಲ್ ಸಾಗುವ ಗೆರೆ ಒಮ್ಮೆಲೇ ಬದಲಾಗಬಾರದು: ಹೇಳಿ, ವೇಗ ತಗ್ಗಿಸಿ, ಹೇಳಿದ ಬದಿಗೇ ಸರಿಯಿರಿ.

ನೀವಿಬ್ಬರೂ ಒಂದೇ ವಿಭಾಗದಲ್ಲಿ ಅದೇ ಸ್ಥಾನಕ್ಕಾಗಿ ಓಡುತ್ತಿದ್ದರೆ ಮಾತು ಬೇರೆ. ಆಗ ಗೆರೆ ಬಿಟ್ಟುಕೊಡಬೇಕಾದ ಋಣವಿಲ್ಲ. ಹಾಗೆಂದು ಅವರು ಬರುವ ಬದಿಗೆಲ್ಲ ಅಡ್ಡ ಹಾಯುವುದು ಆಟವಲ್ಲ, ತಡೆ, ಅದಕ್ಕೆ ದಂಡವಿದೆ. ಸುತ್ತಿನ ರೇಸಿನಲ್ಲಿ ನಿಮಗಿಂತ ಒಂದು ಸುತ್ತು ಮುಂದಿರುವವರು ಹಿಂದೆ ಬಂದರೆ ತಡಮಾಡದೆ ಬಿಡಿ.

ನಾನೇ ಹಿಂದೆ ಸಿಕ್ಕಿಕೊಂಡಿದ್ದೀನಿ. ಮುಂದಿರೋರನ್ನ ದಾಟೋ ಸರಿಯಾದ ಕ್ರಮ ಏನು?

ಮೊದಲು ನಿಮ್ಮ ಇರವು ತಿಳಿಸಿ, ಆಮೇಲೆ ಬದಿ ಹೇಳಿ, ಕೊನೆಗೆ ಹಿಂದೆ ಎಷ್ಟು ಜನ ಎಂದು ಹೇಳಿ. "ನಿಮ್ಮ ಬಲಕ್ಕೆ, ಇಬ್ಬರಿದ್ದೇವೆ." ಎಷ್ಟು ಜನ ಎಂದು ಹೇಳದಿದ್ದರೆ ಒಬ್ಬರಿಗೆ ಜಾಗ ಬಿಟ್ಟು ಮತ್ತೆ ದಾರಿಗಿಳಿದವರು ಎರಡನೆಯವರಿಗೆ ಡಿಕ್ಕಿ ಕೊಡುತ್ತಾರೆ. ದಕ್ಷಿಣ ಆಫ್ರಿಕಾ, ಹಿಮಾಚಲ ಎರಡು ಕಡೆಯೂ ಬಲಗಡೆಯಿಂದ ದಾಟುವುದು ರೂಢಿ, ಅಮೆರಿಕದಲ್ಲಿ ಎಡಗಡೆಯಿಂದ. ಗೊಂದಲವಿದ್ದರೆ ಇಂಗ್ಲಿಷಿನಲ್ಲಿ ಬದಿಯನ್ನು ಸ್ಪಷ್ಟವಾಗಿ ಹೇಳಿ. ಇಳಿಜಾರಿನಲ್ಲಿ ಅವರ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಬ್ರೇಕ್ ಸದ್ದು ಮಾಡುತ್ತ ಒತ್ತಡ ಹಾಕುವುದು ಕೆಟ್ಟ ಚಾಳಿ. ನೂರು ಕಿ.ಮೀ. ಓಟದಲ್ಲಿ ಹತ್ತು ಸೆಕೆಂಡು ಕಾದರೆ ಕಳೆದುಕೊಳ್ಳುವುದು ಏನೂ ಇಲ್ಲ. ದಾಟಿದ ಮೇಲೆ ಒಂದು ಧನ್ಯವಾದ ಹೇಳಿ, ಮುಂದಿನ ಏರಿನಲ್ಲಿ ಅವರೇ ನಿಮ್ಮನ್ನು ಹಿಡಿಯಬಹುದು.

ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗ್ತಿದ್ದರೆ ಯಾವ ಬದಿ ಹಿಡೀಬೇಕು?

ಸವಾರಿ ಮಾಡಬಹುದಾದ ಒಳ್ಳೆಯ ಗೆರೆಯನ್ನು ಬಿಟ್ಟು ಕೆಟ್ಟ ಬದಿ ಹಿಡಿಯಿರಿ. ನಡೆಯುವವರಿಗಿಂತ ತುಳಿಯುತ್ತಿರುವವರಿಗೆ ಹಕ್ಕು ಹೆಚ್ಚು, ಯಾಕೆಂದರೆ ಕಡಿದಾದ ಏರಿನಲ್ಲಿ ಒಮ್ಮೆ ಕಾಲೂರಿದರೆ ಮತ್ತೆ ಹತ್ತಿ ಹೊರಡುವುದು ಕಷ್ಟ.

ಅದೇ ದಾರಿಯಲ್ಲಿ ಎದುರಿನಿಂದ ಸವಾರರು ಬರೋ ರೇಸಿನಲ್ಲಿ ಯಾರಿಗೆ ಮೊದಲು ದಾರಿ?

ಅಮೆರಿಕದ ಕೊಲರಾಡೊದಲ್ಲಿ 1994ರಿಂದ ನಡೆಯುವ ಲೆಡ್‌ವಿಲ್ ಟ್ರೈಲ್ 100 ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 3,100 ಮೀಟರ್ ಎತ್ತರದ ಊರಿನಿಂದ ಹೊರಟು, ಸುಮಾರು 3,800 ಮೀಟರಿನ ಕೊಲಂಬೈನ್ ತುದಿ ಮುಟ್ಟಿ ಅದೇ ದಾರಿಯಲ್ಲಿ ವಾಪಸ್ಸು. ನಡುವಿನ ಸವಾರರು ಹತ್ತುವ ಹೊತ್ತಿಗೆ ಮುಂದಿನವರು ಪೂರ್ತಿ ವೇಗದಲ್ಲಿ ಇಳಿಯುತ್ತಿರುತ್ತಾರೆ. ಸಾಮಾನ್ಯ ದಿನಗಳಲ್ಲಿ ಕಾಲುದಾರಿಯಲ್ಲಿ ಹತ್ತುವವರಿಗೆ ಮೊದಲ ಹಕ್ಕು, ಇಂಥ ರೇಸಿನಲ್ಲಿ ಇಳಿಯುವವರಿಗೆ. ಹತ್ತುವವರು ಬಲಬದಿಯಲ್ಲಿ ಒಂದೇ ಸಾಲಾಗಿ ಇರಬೇಕು, ಮುಂದಿನವರನ್ನು ದಾಟುವ ಆಸೆಗೆ ನಡುದಾರಿಗೆ ಬರಬಾರದು. ಆಮ್ಲಜನಕ ಕಡಿಮೆಯಿರುವ ಎತ್ತರದಲ್ಲಿ ತೀರ್ಮಾನವೂ ತಡವಾಗುತ್ತದೆ, ಅದಕ್ಕೇ ಈ ನಿಯಮದಲ್ಲಿ ರಿಯಾಯಿತಿ ಬೇಡ.

ಇನ್ನೊಬ್ಬರ ಹಿಂದೆ ಗಾಳಿ ಮರೆಯಲ್ಲಿ ಓಡೋದು ಮೋಸಾನಾ?

ಮ್ಯಾರಥಾನ್ ಮತ್ತು ಸ್ಟೇಜ್ ರೇಸಿನಲ್ಲಿ ಮೋಸವಲ್ಲ, ಜೀಪು ದಾರಿಯಲ್ಲಿ ಅದು ತಂತ್ರವೇ. ನಾಲ್ಕು ಜನ ಸಾಲಾಗಿದ್ದರೆ ಸರದಿಯಂತೆ ಮುಂದೆ ಬನ್ನಿ, ಆಗದಿದ್ದರೆ ಬಾಯಿಬಿಟ್ಟು ಹೇಳಿ. ಮುಂದಿರುವವರು ಗುಂಡಿ, ಕಲ್ಲು, ಮರಳನ್ನು ಕೈಸನ್ನೆಯಲ್ಲಿ ತೋರಿಸಬೇಕು, ಧೂಳಿನಲ್ಲಿ ಹಿಂದಿನವರಿಗೆ ಏನೂ ಕಾಣುವುದಿಲ್ಲ. ಮಹಿಳೆಯರ ವಿಭಾಗ ಬೇರೆಯಾಗಿ ಹೊರಡುವ ಕೆಲವು ರೇಸುಗಳಲ್ಲಿ ಪುರುಷರ ಹಿಂದೆ ಹೋಗುವುದು ನಿಷಿದ್ಧ, ಅಲ್ಲಿ ಅವರು ಕೇಳದೆ ಎಳೆದುಕೊಂಡು ಹೋಗಲು ಮುಂದೆ ನಿಲ್ಲಬೇಡಿ. ದಂಡ ಬೀಳುವುದು ಅವರಿಗೆ.

ಬಾಣದ ಗುರುತು ತಪ್ಪಿ ಎರಡು ಕಿ.ಮೀ. ಬೇರೆ ಕಡೆ ಹೋಗಿಬಿಟ್ಟೆ. ಮುಂದೆ ಹೋಗಿ ದಾರಿ ಸೇರಿಕೊಳ್ಳಲಾ?

ಎಲ್ಲಿ ಬಿಟ್ಟಿರೋ ಅಲ್ಲಿಗೇ ಮರಳಿ. ಯುಸಿಐ ಓಟವಿರಲಿ, ಆಯೋಜಕರೇ ಇಲ್ಲದಂಥ ಓಟವಿರಲಿ, ಈ ನಿಯಮ ಬದಲಾಗುವುದಿಲ್ಲ. ದಾರಿ ತಿಳಿದುಕೊಳ್ಳುವುದು ಸವಾರರ ಹೊಣೆ, ಗುರುತು ಯಾರೋ ಕಿತ್ತಿದ್ದರೂ ಸಹ. ಜಿಪಿಎಸ್‌ನಲ್ಲಿ ಮಾರ್ಗ ಹಾಕಿಕೊಂಡಿದ್ದರೂ ಬ್ರೀಫಿಂಗ್‌ನಲ್ಲಿ ಬದಲಾದ ಭಾಗಗಳನ್ನು ಹೊಸದಾಗಿ ಇಳಿಸಿಕೊಳ್ಳಿ.

ಮುಂದೆ ಒಬ್ಬರು ಬಿದ್ದಿದ್ದಾರೆ. ನಿಂತರೆ ನನ್ನ ಸಮಯ ಹೋಗುತ್ತೆ…

ನಿಲ್ಲಿ. ಮೊದಲ ಸಹಾಯ ನೀವೇ, ಆಂಬುಲೆನ್ಸ್ ಬರುವ ದಾರಿಯೇ ಅಲ್ಲಿ ಇಲ್ಲದಿರಬಹುದು. ಮೊದಲ ಕೆಲಸ ಮುಟ್ಟುವುದಲ್ಲ, ಹಿಂದಿನಿಂದ ಬರುವವರನ್ನು ತಡೆಯುವುದು. ತಿರುವಿನ ಆಚೆ, 20–30 ಮೀಟರ್ ಹಿಂದೆ ಒಂದು ಸೈಕಲ್ಲನ್ನು ದಾರಿಗಡ್ಡ ನಿಲ್ಲಿಸಿ ಅಥವಾ ಒಬ್ಬರನ್ನು ಕೂಗುತ್ತ ನಿಲ್ಲಲು ಹೇಳಿ. ಆಮೇಲೆ ಹೆಸರು, ದಿನ, ಎಲ್ಲಿದ್ದೇವೆ ಎಂದು ಕೇಳಿ. ಉತ್ತರ ಅಸಂಬದ್ಧವಾಗಿದ್ದರೆ, ಕತ್ತು ನೋಯುತ್ತದೆ ಎಂದರೆ, ಕೈಕಾಲು ಜೋಮು ಎಂದರೆ ಅವರನ್ನು ಎಬ್ಬಿಸಬೇಡಿ, ಹೆಲ್ಮೆಟ್ ತೆಗೆಯಬೇಡಿ. ರಕ್ತ ಚಿಮ್ಮುತ್ತಿದ್ದರೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿಯಿರಿ. ಒಬ್ಬರು ಅಲ್ಲೇ ಇರಲಿ, ಇನ್ನೊಬ್ಬರು ಮುಂದೆ ದಾರಿ ಕಾಯುತ್ತಿರುವ ಮಾರ್ಷಲ್‌ಗೆ ಮೂರು ವಿಷಯ ತಲುಪಿಸಲಿ: ನಂಬರ್, ಕಿಲೋಮೀಟರ್, ಎಚ್ಚರವಿದ್ದಾರೋ ಇಲ್ಲವೋ. ನಂಬರ್ ಇಲ್ಲದೆ "ಹಿಂದೆ ಯಾರೋ ಬಿದ್ದಿದ್ದಾರೆ" ಎಂಬ ಸುದ್ದಿ ಬಂದರೆ ತಂಡ ಯಾವ ಕಡತ ತೆಗೆಯಬೇಕು ಎಂದೇ ತಿಳಿಯುವುದಿಲ್ಲ.

ಕೈಯೆತ್ತಿ "ನಾನು ಚೆನ್ನಾಗಿದ್ದೀನಿ" ಎಂದವರನ್ನೂ ಒಮ್ಮೆ ದಿಟ್ಟಿಸಿ ನೋಡಿ. ಹೆಲ್ಮೆಟ್ ಬಿರಿದಿದ್ದರೆ ಅವರ ಮಾತು ನಂಬಬೇಡಿ. ನೀವು ನಿಂತ ಸಮಯವನ್ನು ಕೆಲವು ರೇಸುಗಳಲ್ಲಿ ಕಳೆದು ಕೊಡುತ್ತಾರೆ, ಮುಗಿದ ಮೇಲೆ ಅಧಿಕಾರಿಗಳಿಗೆ ಹೇಳಿ.

ಕುರಿ ಹಿಂಡು, ಹೇಸರಗತ್ತೆ, ಹೊಲದ ಗೇಟು ಬಂದರೆ?

ಹಿಮಾಚಲದ ದಾರಿಯಲ್ಲಿ ಹೇಸರಗತ್ತೆಗಳು ಎದುರಾದರೆ ಇಳಿದು ಗುಡ್ಡದ ಬದಿಗೆ ಒರಗಿ ನಿಲ್ಲಿ. ಕಣಿವೆಯ ಬದಿಗೆ ನಿಂತರೆ ಹೊರೆಯ ಮೂಟೆ ತಾಗಿ ಕೆಳಗೆ ಹೋಗುತ್ತೀರಿ. ಕುರಿಗಾಹಿಗಳ ಹಿಂಡಿನಲ್ಲಿ ಗಂಟೆ ಹೊಡೆದು ನುಗ್ಗಬೇಡಿ, ಕುರಿ ಚೆದುರಿದರೆ ಅವರ ಅರ್ಧ ದಿನ ಹಾಳು. ಹೊಲದ ಗೇಟನ್ನು ಹೇಗಿತ್ತೋ ಹಾಗೇ ಬಿಡಿ: ಮುಚ್ಚಿದ್ದರೆ ಮುಚ್ಚಿ, ತೆರೆದಿದ್ದರೆ ತೆರೆದೇ ಇರಲಿ. ರೇಸಿಗೆ ಜಮೀನು ಬಿಟ್ಟುಕೊಟ್ಟ ರೈತ ಮರುವರ್ಷ ಇಲ್ಲ ಎಂದರೆ ಆ ದಾರಿ ಎಲ್ಲರಿಗೂ ಹೋಯಿತು.

ಶಕ್ತಿಗೆ ಹೀರೋ ಜೆಲ್ ಕವರ್ ತುದಿ ಚಿಕ್ಕದು, ಅದು ದಾರಿಯಲ್ಲಿ ಬಿದ್ದರೂ ದಂಡ ಹಾಕ್ತಾರಾ?

ಹಾಕುತ್ತಾರೆ, ಕೆಲವೆಡೆ ಅನರ್ಹಗೊಳಿಸುತ್ತಾರೆ. ಹರಿದ ತುದಿಯೇ ಹೆಚ್ಚು ಬೀಳುವುದು. ಪೂರ್ತಿ ಹರಿಯದೆ ಒಂದು ಅಂಚು ಅಂಟಿಕೊಂಡಿರುವಂತೆ ತೆರೆಯಿರಿ. ಖಾಲಿ ಕವರಿಗೆ ಜರ್ಸಿಯ ಒಂದು ಜೇಬನ್ನೇ ಮೀಸಲಿಡಿ, ತುಂಬಿದ ಜೆಲ್ ಇರುವ ಜೇಬಿನಲ್ಲೇ ತುರುಕಿದರೆ ಮುಂದಿನದನ್ನು ತೆಗೆಯುವಾಗ ಹಳೆಯದು ಹಾರುತ್ತದೆ. ಗಾಜಿನ ಬಾಟಲಿ ದಾರಿಯ ಹತ್ತಿರವೂ ಕೂಡದು, ನಿಮ್ಮ ಜತೆ ಬಂದವರಿಗೂ ಇದನ್ನು ಹೇಳಿ.

## ರಿಪೇರಿ, ನೀರು, ನೆರವು

ಪಂಕ್ಚರ್ ಆದರೆ ಬೇರೆಯವರ ಹತ್ತಿರ ಟ್ಯೂಬ್ ತಗೊಳ್ಳಬಹುದಾ?

ಯುಸಿಐ ಮ್ಯಾರಥಾನ್ ನಿಯಮ ಬಿಗಿ. ನಿಗದಿತ ನೆರವಿನ ವಲಯದಲ್ಲಿ ಮೆಕ್ಯಾನಿಕ್ ಕೈಹಾಕಬಹುದು. ಅದರ ಹೊರಗೆ ಒಂದೇ ತಂಡದ ಸವಾರರು ಮಾತ್ರ ಪರಸ್ಪರ ನೆರವಾಗಬಹುದು. ಚೌಕಟ್ಟು ಬಿಟ್ಟು ಯಾವ ಭಾಗವನ್ನೂ ಬದಲಿಸಬಹುದು, ಸೈಕಲ್ಲನ್ನೇ ಬದಲಿಸುವಂತಿಲ್ಲ, ಹೊರಟ ನಂಬರ್ ಫಲಕದೊಂದಿಗೇ ಮುಗಿಸಬೇಕು. ಹವ್ಯಾಸಿಗಳ ರೇಸುಗಳು ಹೆಚ್ಚಾಗಿ ಸವಾರರ ನಡುವಿನ ನೆರವಿಗೆ ಕಣ್ಣು ಕೆಂಪಗೆ ಮಾಡುವುದಿಲ್ಲ. ಆದರೆ ದಾರಿಬದಿಯಲ್ಲಿ ನಿಂತ ನಿಮ್ಮ ಅಣ್ಣನೋ ಗೆಳೆಯನೋ ಚಕ್ರ ಕೊಟ್ಟರೆ ಅದು ಹೊರಗಿನ ನೆರವು, ಎಲ್ಲ ಕಡೆ ತಪ್ಪು.

ಏನೂ ತರದೆ "ಯಾರಾದರೂ ಕೊಡ್ತಾರೆ" ಎಂದು ಬರುವುದು ನಿಯಮ ಮೀರದಿದ್ದರೂ ಮರ್ಯಾದೆ ಮೀರಿದ ಹಾಗೆ. ನಿಮಗೆ ಕೊಟ್ಟವರ ಬಳಿ ಮುಂದಿನ ಪಂಕ್ಚರಿಗೆ ಏನೂ ಉಳಿದಿರುವುದಿಲ್ಲ.

ಹಾಗಾದರೆ ಕನಿಷ್ಠ ಏನೇನು ಇಟ್ಟುಕೊಂಡಿರಬೇಕು?

ಟ್ಯೂಬ್‌ಲೆಸ್ ಟೈರಿಗೆ ತೂತು ಮುಚ್ಚುವ ಪ್ಲಗ್ ಸೂಜಿ ಮತ್ತು ದಪ್ಪ, ತೆಳು ಎರಡೂ ಬಗೆಯ ಪ್ಲಗ್ ನಾಲ್ಕಾರು. ಒಂದು ಟ್ಯೂಬ್, ಎರಡು ಟೈರ್ ಲಿವರ್, ಚೈನ್ ಕತ್ತರಿಸುವ ಭಾಗವಿರುವ ಮಲ್ಟಿಟೂಲ್, ತುಂಡಾದ ಚೈನ್ ಜೋಡಿಸುವ ಎರಡು ಕ್ವಿಕ್ ಲಿಂಕ್, ನಿಮ್ಮ ಚೌಕಟ್ಟಿಗೇ ಹೊಂದುವ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರ್ ಬದಲಿಸುವ ಭಾಗವನ್ನು ಹಿಡಿದಿಡುವ ಕೊಂಡಿ), ನಾಲ್ಕು ಪ್ಲಾಸ್ಟಿಕ್ ಟೈ, ಟೈರ್ ಸೀಳಿದರೆ ಒಳಗಿಡಲು ಹಳೆಯ ಟೈರಿನಿಂದ ಕತ್ತರಿಸಿದ 5 ಸೆಂ.ಮೀ. ತುಂಡು. ಗಾಳಿಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಎರಡು, ಜತೆಗೆ ಕೈ ಪಂಪ್. 29 ಇಂಚಿನ ಅಗಲ ಟೈರಿಗೆ 16 ಗ್ರಾಂ ಸಿಲಿಂಡರ್ ಕಷ್ಟಪಟ್ಟು ಸಾಲುತ್ತದೆ, 25 ಗ್ರಾಂ ಇದ್ದರೆ ನೆಮ್ಮದಿ. ವಿಮಾನದಲ್ಲಿ ಇವನ್ನು ಒಯ್ಯಲು ನಿರ್ಬಂಧವಿರುವುದರಿಂದ ಹೋದ ಊರಿನಲ್ಲೇ ಕೊಳ್ಳುವುದು ಲೇಸು.

ಎಡವಟ್ಟಾಗುವುದು ಇಲ್ಲಿ: 11 ಮತ್ತು 12 ಗೇರಿನ ಚೈನ್ ಲಿಂಕ್ ಒಂದಕ್ಕೊಂದು ಕೂರುವುದಿಲ್ಲ. ಹ್ಯಾಂಗರ್ "ಹೆಚ್ಚು ಕಡಿಮೆ ಇಂಥದ್ದೇ" ಇದ್ದರೆ ಕೂರುವುದಿಲ್ಲ, ಮನೆಯಲ್ಲೇ ಹಾಕಿ ನೋಡಿ. ಪ್ಲಗ್ ಹಾಕಿದ ಮೇಲೆ ತೂತು ಕೆಳಕ್ಕೆ ಬರುವಂತೆ ಚಕ್ರ ತಿರುಗಿಸಿದರೆ ಟೈರಿನೊಳಗಿನ ತೂತು ಮುಚ್ಚುವ ದ್ರವ ಅಲ್ಲಿಗೆ ಹರಿದು ಮುಚ್ಚುತ್ತದೆ. ಗಾಳಿ ತುಂಬುವಾಗ ವಾಲ್ವ್ ಮೇಲಿರಲಿ, ತಣ್ಣನೆಯ ಅನಿಲ ನೇರ ತಗುಲಿದರೆ ದ್ರವ ಗಟ್ಟಿಯಾಗುತ್ತದೆ. ಟ್ಯೂಬ್ ಹಾಕಬೇಕಾದರೆ ಟೈರಿನ ಒಳಮೈಗೆ ನಿಧಾನವಾಗಿ ಬೆರಳಾಡಿಸಿ ಮುಳ್ಳು ಕೀಳಿ. ಟ್ಯೂಬ್‌ಲೆಸ್‌ನಲ್ಲಿ ತೊಂದರೆ ಕೊಡದೆ ಕೂತಿದ್ದ ಹತ್ತು ಮುಳ್ಳು ಟ್ಯೂಬನ್ನು ಹತ್ತು ಕಡೆ ಚುಚ್ಚುತ್ತವೆ. ಈ ಅನಿಲ ರಬ್ಬರಿನಿಂದ ಬೇಗ ಸೋರುತ್ತದೆ, ಸಂಜೆ ಪಂಪಿನಿಂದ ಮತ್ತೆ ಗಾಳಿ ಹಾಕಿ. ರಿಪೇರಿಗೆ ನಿಲ್ಲುವಾಗ ಸೈಕಲ್ಲೂ ನೀವೂ ಕಾಲುದಾರಿಯಿಂದ ಪೂರ್ತಿ ಹೊರಗೆ.

ನೀರಿನ ಜಾಗದಲ್ಲಿ ಯಾಕೆ ಇಷ್ಟು ಜಗಳ ಆಗುತ್ತೆ?

ಎಲ್ಲರೂ ಮೊದಲ ಮೇಜಿಗೇ ಮುತ್ತುವುದರಿಂದ. ಕೊನೆಯ ಮೇಜಿನಲ್ಲೂ ಅದೇ ನೀರಿರುತ್ತದೆ. ಮುಚ್ಚಳ ತೆರೆದುಕೊಂಡೇ ಬನ್ನಿ, ತುಂಬಿಸಿ, ಸೈಕಲ್ ಪಕ್ಕಕ್ಕೆಳೆದು ಆಮೇಲೆ ತಿನ್ನಿ. ಯುಸಿಐ ರೇಸಿನಲ್ಲಿ ಬಾಟಲಿಯನ್ನು ಕೈಯಿಂದ ಕೈಗೇ ಕೊಡಬೇಕು, ಕೊಡುವವರು ಪಕ್ಕದಲ್ಲಿ ಓಡುವಂತಿಲ್ಲ, ಸವಾರರ ಮೇಲೋ ಸೈಕಲ್ ಮೇಲೋ ನೀರು ಎರಚುವಂತಿಲ್ಲ. ವಲಯ ದಾಟಿದ ಮೇಲೆ ನೆನಪಾಯಿತೆಂದು ದಾರಿಯಲ್ಲಿ ಹಿಂದಕ್ಕೆ ಬರುವಂತಿಲ್ಲ. ನೀರು ಕೊಡುವವರು ಬೆಳಗಿನಿಂದ ಬಿಸಿಲಲ್ಲಿ ನಿಂತ ಸ್ವಯಂಸೇವಕರು, ಕೂಗಾಡಬೇಡಿ.

## ಜೋಡಿ ಓಟ ಮತ್ತು ಸ್ಟೇಜ್ ರೇಸು

ಕೇಪ್ ಎಪಿಕ್‌ನ ಎರಡು ನಿಮಿಷದ ನಿಯಮ ಅಂದರೇನು?

ಅಲ್ಲಿ ಎಂಟು ದಿನವೂ ಇಬ್ಬರ ತಂಡ. ದಾರಿಯುದ್ದಕ್ಕೂ ಇಬ್ಬರ ನಡುವೆ ಎರಡು ನಿಮಿಷಕ್ಕಿಂತ ಹೆಚ್ಚು ಅಂತರ ಇರಕೂಡದು. ತಪಾಸಣೆಯ ಜಾಗಗಳಲ್ಲಿ ಸಮಯ ದಾಖಲಾಗುತ್ತದೆ. ಮೀರಿದರೆ ಸಮಯದ ದಂಡ, ಮತ್ತೆ ಮತ್ತೆ ಆದರೆ ಸ್ಪರ್ಧೆಯಿಂದ ಹೊರಗೆ. ಬಿದ್ದವರ ಬಳಿ ಒಬ್ಬರಾದರೂ ಇರಲಿ ಎಂಬುದು ಇದರ ತಿರುಳು.

ನಿಯಮ ಮುರಿಯುವುದು ಹೆಚ್ಚಾಗಿ ಏರಿನಲ್ಲಲ್ಲ, ನೀರಿನ ಜಾಗದಲ್ಲಿ. ಒಬ್ಬರು ಬಾಟಲಿ ತುಂಬಿ ಹೊರಟುಬಿಡುತ್ತಾರೆ, ಇನ್ನೊಬ್ಬರು ಚೈನಿಗೆ ಎಣ್ಣೆ ಹಾಕಿಸುತ್ತಿರುತ್ತಾರೆ. ಹೊರಡುವ ಮುನ್ನ ಕಣ್ಣಿಗೆ ಕಣ್ಣು ಸಿಗಲಿ. ವೇಗ ನಿರ್ಧರಿಸುವವರು ನಿಧಾನದವರೇ ಆಗಿರಲಿ: ಇಳಿಜಾರಿನಲ್ಲಿ ಅನುಭವಿ ಮುಂದೆ ಹೋಗಿ ಗೆರೆ ತೋರಿಸಲಿ, ಏರಿನಲ್ಲಿ ನಿಧಾನದವರು ಮುಂದಿದ್ದರೆ ಇಬ್ಬರೂ ಜತೆಗಿರುತ್ತಾರೆ. ಕೈಯಿಂದ ಬೆನ್ನು ತಳ್ಳುವುದು, ಹಗ್ಗ ಕಟ್ಟಿ ಎಳೆಯುವುದು ರೇಸಿನಿಂದ ರೇಸಿಗೆ ಬೇರೆ, ಕೇಳದೆ ಮಾಡಬೇಡಿ.

ಜತೆಗಾರ ಮೂರನೇ ದಿನ ಕೈಬಿಟ್ಟರೆ ನನ್ನ ಗತಿ?

ಕೇಪ್ ಎಪಿಕ್‌ನಲ್ಲಿ ಉಳಿದವರು ಒಂಟಿಯಾಗಿ ಮುಂದುವರಿಯಬಹುದು, ಆದರೆ ತಂಡಗಳ ಪಟ್ಟಿಯಲ್ಲಿ ಸ್ಥಾನವಿಲ್ಲ. ಆಮೇಲೆ ನಿಮ್ಮ ಓಟ ಯಾರ ಫಲಿತಾಂಶವನ್ನೂ ಬದಲಿಸಬಾರದು, ಅಂದರೆ ಇನ್ನೊಂದು ತಂಡವನ್ನು ಗಾಳಿ ಮರೆಯಲ್ಲಿ ಎಳೆದುಕೊಂಡು ಹೋಗುವುದು ಸಲ್ಲದು. ಒಬ್ಬರು ಬಿಟ್ಟರೆ ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಹೆಸರು ಕೊಡುವ ಮೊದಲೇ ಮಾತಾಡಿಕೊಳ್ಳಿ: ಗುರಿ ಮುಗಿಸುವುದೋ ಸ್ಥಾನವೋ, ಜ್ವರ ಬಂದರೆ ಯಾರು ತೀರ್ಮಾನಿಸುತ್ತಾರೆ. ಆರು ತಿಂಗಳ ತಯಾರಿಯ ಗೆಳೆತನ ಒಂದು ಮಧ್ಯಾಹ್ನಕ್ಕೆ ಮುರಿಯುವುದು ಈ ಮಾತು ಆಗದೇ ಇದ್ದಾಗ.

ಸ್ಟೇಜ್ ರೇಸಿನಲ್ಲಿ ರಾತ್ರಿ ತಂಗೋ ಟೆಂಟ್ ಊರಿನಲ್ಲಿ ಏನು ಎಚ್ಚರಿಕೆ?

ಬಟ್ಟೆಯ ಗೋಡೆ, ಗೊರಕೆಯೂ ಕೇಳುತ್ತದೆ. ರಾತ್ರಿ ಒಂಬತ್ತರ ಮೇಲೆ ಫೋನಿನ ಮಾತು ಬೇಡ. ಬೆಳಗಿನ ಚೀಲವನ್ನು ರಾತ್ರಿಯೇ ಜೋಡಿಸಿಡಿ, ನಾಲ್ಕೂವರೆಗೆ ಪ್ಲಾಸ್ಟಿಕ್ ಕವರಿನ ಸರಬರ ಸದ್ದಿನಷ್ಟು ಸಿಟ್ಟು ಬರಿಸುವುದು ಬೇರೆ ಇಲ್ಲ. ಹೊಟ್ಟೆ ಕೆಟ್ಟರೆ ಮುಚ್ಚಿಡದೆ ವೈದ್ಯರಿಗೆ ತಿಳಿಸಿ, ಊಟದ ಸಾಲಿನಿಂದ ದೂರವಿರಿ, ಒಬ್ಬರಿಂದ ಇಡೀ ಸಾಲಿಗೆ ಹಬ್ಬುತ್ತದೆ. ಊಟಕ್ಕೆ ಮುಂಚೆ ಗ್ಲೌಸ್ ತೆಗೆದು ಸಾಬೂನಿನಿಂದ ಕೈ ತೊಳೆಯಿರಿ: ದನದ ಸಗಣಿಯಿದ್ದ ದಾರಿಯ ಕೆಸರು ಬಾಟಲಿಯ ಬಾಯಿಗೂ ಹತ್ತಿರುತ್ತದೆ. ಸೈಕಲ್ ತೊಳೆಯುವಾಗ ಒತ್ತಡದ ನೀರನ್ನು ಬೇರಿಂಗ್‌ಗಳ ಕಡೆ ಹಿಡಿಯಬೇಡಿ.

## ರಾತ್ರಿ ಮತ್ತು ಒಂಟಿ ಓಟ

24 ಗಂಟೆ ರೇಸಿನಲ್ಲಿ ಎದುರಿಗೆ ಬಂದವರ ಕಣ್ಣು ಕುಕ್ಕದ ಹಾಗೆ ದೀಪ ಹೇಗೆ ಇಡೋದು?

ಎರಡು ದೀಪ: ಹ್ಯಾಂಡಲ್ ಮೇಲಿನದು ನೆಲದ ಏರುತಗ್ಗಿನ ನೆರಳು ತೋರಿಸುತ್ತದೆ, ಹೆಲ್ಮೆಟ್ ಮೇಲಿನದು ತಿರುವಿನೊಳಗೆ ನೋಡುತ್ತದೆ. ಮಾತಾಡುವಾಗ ಮುಖ ತಿರುಗಿಸಿದರೆ ಹೆಲ್ಮೆಟ್ ದೀಪ ನೇರ ಅವರ ಕಣ್ಣಿಗೆ ಹೊಡೆಯುತ್ತದೆ, ಆದ್ದರಿಂದ ಶಿಬಿರದ ಜಾಗದಲ್ಲಿ ಆರಿಸಿ, ದಾಟುವಾಗ ತಿರುಗಿ ನೋಡಬೇಡಿ. ಹಿಂದೆ ಅಂಟಿಕೊಂಡರೆ ನಿಮ್ಮ ಬೆಳಕಿನಿಂದ ಅವರದೇ ನೆರಳು ಅವರ ದಾರಿಯ ಮೇಲೆ ಬಿದ್ದು ಏನೂ ಕಾಣದಾಗುತ್ತದೆ, ಹತ್ತಾರು ಮೀಟರ್ ಬಿಡಿ. ತಂಡದವರು ತಾಜಾ ಕಾಲಿನಲ್ಲಿ ಬಂದಾಗ, ಹದಿನೆಂಟನೇ ಗಂಟೆಯಲ್ಲಿರುವ ಒಂಟಿ ಸವಾರರನ್ನು ಗದರಿಸದೆ ಒಳ್ಳೆಯ ಮಾತು ಹೇಳಿ ದಾಟಿ. ಅವರನ್ನು ಗುರುತಿಸಲು ಕೆಲವೆಡೆ ನಂಬರ್ ಬೇರೆ ಬಣ್ಣದ್ದಿರುತ್ತದೆ.

ಕೊನೆಯ ಸುತ್ತು ಲೆಕ್ಕಕ್ಕೆ ಬರುತ್ತೋ ಇಲ್ಲವೋ?

ಎರಡು ಪದ್ಧತಿ. ಒಂದರಲ್ಲಿ 24 ಗಂಟೆ ಮುಗಿಯುವ ಮುಂಚೆ ಹೊರಟ ಸುತ್ತು, ಗಡುವು ಮೀರಿ ಮುಗಿಸಿದರೂ ಲೆಕ್ಕಕ್ಕೆ. ಇನ್ನೊಂದರಲ್ಲಿ ಗಡುವಿನೊಳಗೆ ಮುಗಿದದ್ದು ಮಾತ್ರ. ನಿಮ್ಮ ಸುತ್ತು 70 ನಿಮಿಷದ್ದಾಗಿ, 23 ಗಂಟೆ ಮುಗಿದ ಹೊತ್ತಿಗೆ ಗೆರೆ ದಾಟಿದರೆ ಮೊದಲ ಪದ್ಧತಿಯಲ್ಲಿ ಹೊರಡಲೇಬೇಕು, ಎರಡನೆಯದರಲ್ಲಿ ಕೂತು ಚಹಾ ಕುಡಿಯಬಹುದು. ಸುತ್ತು ಸಮವಾದರೆ ಕೊನೆಯ ಸುತ್ತನ್ನು ಮೊದಲು ಮುಗಿಸಿದವರು ಮುಂದೆ.

ಟೂರ್ ಡಿವೈಡ್‌ನಲ್ಲಿ ಅಂಗಡಿಯಿಂದ ತಿಂಡಿ ಕೊಳ್ಳಬಹುದು, ಗೆಳೆಯ ಕೊಟ್ಟ ರೊಟ್ಟಿ ತಿನ್ನಬಾರದು. ಇದೆಂಥ ನ್ಯಾಯ?

ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೊ ಗಡಿಯ ಆ್ಯಂಟಿಲೋಪ್ ವೆಲ್ಸ್‌ವರೆಗೆ ಸುಮಾರು 4,400 ಕಿ.ಮೀ., ಜೂನ್ ತಿಂಗಳ ಎರಡನೇ ಶುಕ್ರವಾರ ಹೊರಡುವ ಓಟವಿದು. ನೆರವಿನ ಗಾಡಿ ಇಲ್ಲ. ಇಲ್ಲಿನ ತತ್ವ ಒಂದೇ: ಎಲ್ಲ ಸವಾರರಿಗೂ ಸಮಾನವಾಗಿ ಸಿಗುವುದು ಮಾತ್ರ ನಿಮಗೂ. ಅಂಗಡಿ, ಲಾಡ್ಜು, ಸೈಕಲ್ ರಿಪೇರಿಯವರು ಎಲ್ಲರಿಗೂ ತೆರೆದಿದ್ದಾರೆ. ನಿಮ್ಮ ಗೆಳೆಯ ನಿಮಗೆ ಮಾತ್ರ. ಇದೇ ಲೆಕ್ಕದಲ್ಲಿ ಮೊದಲೇ ಪೊದೆಯಲ್ಲಿ ಊಟ ಬಚ್ಚಿಡುವುದು, ಇನ್ನೊಬ್ಬ ಸವಾರನ ಗಾಳಿ ಮರೆ ಹಿಡಿಯುವುದು ಎರಡೂ ತಪ್ಪು. 2016ರಲ್ಲಿ ಬ್ರಿಟನ್ನಿನ ಸವಾರ ಮೈಕ್ ಹಾಲ್ ಈ ದಾರಿಯನ್ನು 13 ದಿನ 22 ಗಂಟೆ 51 ನಿಮಿಷದಲ್ಲಿ ಮುಗಿಸಿದ್ದರು. ಅಂಥ ಸಮಯಕ್ಕೆ ಬೆಲೆ ಬರುವುದು ಉಳಿದವರೂ ಅದೇ ಕಟ್ಟುಪಾಡಿನಲ್ಲಿ ತುಳಿದಾಗ. ನೋಡುವವರಿಲ್ಲದ ಕಡೆ ಪಾಲಿಸಬೇಕಾದ ನಿಯಮಗಳಿವು. ತಪ್ಪಿದ್ದರೆ ನೀವೇ ಹೇಳಿ ಪಟ್ಟಿಯಿಂದ ಹೆಸರು ತೆಗೆಸುವುದು ರೂಢಿ.

## ಔಷಧ, ದೂರು, ಕೈಬಿಡುವುದು

ಸ್ಟೇಜ್ ಮುಗಿದ ಮೇಲೆ ಸುಸ್ತಿಗೆ ಒಂದು ಗ್ಲೂಕೋಸ್ ಡ್ರಿಪ್ ಹಾಕಿಸಿಕೊಂಡರೆ ತಪ್ಪೇನು?

ನಮ್ಮ ಊರುಗಳಲ್ಲಿ ಇದು ಮಾಮೂಲಿ, ರೇಸಿನಲ್ಲಿ ಇದು ಡೋಪಿಂಗ್. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆಯಾದ ವಾಡಾ ನಿಯಮದಂತೆ 12 ಗಂಟೆಯಲ್ಲಿ ಒಟ್ಟು 100 ಮಿ.ಲೀ. ಮೀರಿದ ಡ್ರಿಪ್ ಯಾವಾಗಲೂ ನಿಷಿದ್ಧ. ಒಳಗಿರುವುದು ಬರೀ ಉಪ್ಪುನೀರಾದರೂ ಅಷ್ಟೇ. ಆಸ್ಪತ್ರೆಯ ನಿಜವಾದ ಚಿಕಿತ್ಸೆ, ಶಸ್ತ್ರಚಿಕಿತ್ಸೆ, ರೋಗ ತಪಾಸಣೆಗಳಿಗೆ ಮಾತ್ರ ವಿನಾಯಿತಿ. ಡ್ರಿಪ್ ಬೇಕಾಗುವಷ್ಟು ನಿತ್ರಾಣವಿದ್ದರೆ ಮರುದಿನ ಹೊರಡಬಾರದು ಎಂಬುದೇ ನಮ್ಮ ಸಲಹೆ. ನೆಗಡಿ ಮಾತ್ರೆಯಲ್ಲಿರುವ ಸ್ಯೂಡೊಎಫೆಡ್ರಿನ್‌ಗೂ ಮಿತಿಯಿದೆ. ಉಬ್ಬಸಕ್ಕೆ ಸೇದುವ ಸಾಲ್‌ಬ್ಯುಟಮಾಲ್ 24 ಗಂಟೆಯಲ್ಲಿ 1,600 ಮೈಕ್ರೋಗ್ರಾಂ, ಯಾವುದೇ 8 ಗಂಟೆಯಲ್ಲಿ 600 ಮೀರಬಾರದು. ನೋವಿನ ಮಾತ್ರೆ ಟ್ರಮಡಾಲ್ 2024ರ ಜನವರಿಯಿಂದ ಸ್ಪರ್ಧೆಯ ಹೊತ್ತಿನಲ್ಲಿ ಪೂರ್ತಿ ನಿಷಿದ್ಧ.

ಐಬುಪ್ರೊಫೇನ್ ನಿಷೇಧ ಅಲ್ಲವಲ್ಲ, ಬೆಳಿಗ್ಗೆಯೇ ಒಂದು ನುಂಗಿ ಹೊರಡಲಾ?

ನಿಷಿದ್ಧವಲ್ಲ, ಆದರೂ ಬೇಡ. ಬೆವರು ಹರಿದು ರಕ್ತದ ಹರಿವು ತಗ್ಗಿದಾಗ ಮೂತ್ರಪಿಂಡ ತನ್ನನ್ನು ಕಾಪಾಡಿಕೊಳ್ಳುವ ವ್ಯವಸ್ಥೆಯನ್ನೇ ಈ ಮಾತ್ರೆ ತಡೆಯುತ್ತದೆ. ಜತೆಗೆ ಅಳತೆ ಮೀರಿ ನೀರು ಕುಡಿದರೆ ರಕ್ತದ ಸೋಡಿಯಂ ಕುಸಿಯುತ್ತದೆ. ತಲೆನೋವು, ವಾಕರಿಕೆ, ಉಂಗುರ ಬಿಗಿಯಾಗುವಷ್ಟು ಬೆರಳಿನ ಊತ, ಗೊಂದಲದ ಮಾತು ಅದರ ಗುರುತುಗಳು. ಆಗ ಇನ್ನಷ್ಟು ನೀರು ಕುಡಿಸುವುದು ಅಪಾಯ, ವೈದ್ಯರ ಬಳಿಗೆ ಕರೆದೊಯ್ಯಿರಿ.

ಫಲಿತಾಂಶದಲ್ಲಿ ತಪ್ಪಿದೆ, ಯಾರಿಗೆ ಹೇಳೋದು?

ತಾತ್ಕಾಲಿಕ ಪಟ್ಟಿ ಹಾಕಿದ ಮೇಲೆ ದೂರಿಗೆ ಚಿಕ್ಕ ಗಡುವಿರುತ್ತದೆ. ಲಿಖಿತವಾಗಿ, ನಂಬರ್, ಸಮಯ, ಜಾಗ ಬರೆದು ಅಧಿಕಾರಿಗಳಿಗೇ ಕೊಡಿ. ಜಿಪಿಎಸ್ ದಾಖಲೆಯನ್ನು ಅಳಿಸದೆ ಇಟ್ಟುಕೊಳ್ಳಿ. ಸಮಯ ಅಳೆಯುವ ಹುಡುಗರ ಮೇಲೆ ರೇಗಿದರೆ ಕೆಲಸ ಆಗುವುದಿಲ್ಲ.

ಸಾಕಾಯ್ತು, ಬಿಡ್ತೀನಿ. ಸುಮ್ಮನೆ ಗಾಡಿ ಹಿಡಿದು ರೂಮಿಗೆ ಹೋಗಬಹುದಾ?

ಇದೊಂದನ್ನು ಮಾತ್ರ ಎಂದೂ ಮಾಡಬೇಡಿ. ಬೆಳಗಿನ ಪಟ್ಟಿಯಲ್ಲಿ ಹೊರಟವರು, ಸಂಜೆ ಮುಗಿಸಿದವರು, ಬಿಟ್ಟವರು ಎಲ್ಲರ ಲೆಕ್ಕ ತಾಳೆಯಾಗುವವರೆಗೆ ದಾರಿ ಮುಚ್ಚುವುದಿಲ್ಲ. ಒಂದು ನಂಬರ್ ಕಾಣದಿದ್ದರೆ, ಎಲ್ಲರ ಹಿಂದೆ ಸವಾರಿ ಮುಗಿಸಿ ಬಂದ ಸ್ವೀಪ್ ತಂಡ ಟಾರ್ಚ್ ಹಿಡಿದು ಮತ್ತೆ ಕಣಿವೆಗೆ ಇಳಿಯಬೇಕು. ಆ ಹೊತ್ತಿಗೆ ನೀವು ಬಿಸಿನೀರಿನ ಸ್ನಾನ ಮುಗಿಸಿ ಮಲಗಿರುತ್ತೀರಿ, ಕತ್ತಲಲ್ಲಿ ಜಾರಿ ಕಾಲು ಮುರಿದುಕೊಳ್ಳುವವರು ಅವರು.

ಕ್ರಮ ಹೀಗೆ: ಹತ್ತಿರದ ಮಾರ್ಷಲ್ ಅಥವಾ ನೀರಿನ ಜಾಗಕ್ಕೆ ಹೋಗಿ, ಬಿಡುತ್ತಿದ್ದೇನೆ ಎಂದು ಹೇಳಿ, ನಂಬರ್ ಫಲಕ ಅಥವಾ ಸಮಯದ ಚಿಪ್ ಅವರ ಕೈಗೆ ಕೊಡಿ, ಬರೆದುಕೊಂಡರೋ ನೋಡಿ. ಹೊರಗಿನ ಗಾಡಿ ಸಿಕ್ಕಿ ಹಾಗೇ ಬಂದುಬಿಟ್ಟಿದ್ದರೆ ಮೊದಲ ಸಿಗ್ನಲ್ ಸಿಕ್ಕ ಕೂಡಲೇ ಫಲಕದ ಮೇಲೆ ಮುದ್ರಿಸಿದ ತುರ್ತು ಸಂಖ್ಯೆಗೆ ಕರೆಮಾಡಿ. ದಾರಿಯ ನಡುವಿನ ಜಾಗವೊಂದನ್ನು ದಾಟಲು ಇಟ್ಟ ಗಡುವಿಗೆ ಎರಡು ನಿಮಿಷ ತಡವಾಗಿ ತಲುಪಿದಾಗ ಮಾರ್ಷಲ್ ತಡೆದರೆ ವಾದ ಬೇಡ. ಮುಂದಿನ ಭಾಗದ ವೈದ್ಯರೂ ನೀರಿನವರೂ ಎಷ್ಟು ಹೊತ್ತಿಗೆ ಎದ್ದು ಹೋಗುತ್ತಾರೆ ಎಂಬುದರ ಮೇಲೆ ಆ ಗಡುವು ನಿಂತಿದೆ.

ಅಭ್ಯಾಸಕ್ಕೆ ಪಶ್ಚಿಮಘಟ್ಟದ ಕಾಡುದಾರಿ ಬಳಸಬಹುದಾ?

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳು ಖಾಸಗಿ, ಮಾಲೀಕರನ್ನು ಕೇಳಿ ಹೋಗಿ. ಕೊಯ್ಲಿನ ತಿಂಗಳಲ್ಲಿ ಕೆಲಸದವರೂ ಟ್ರ್ಯಾಕ್ಟರುಗಳೂ ತಿರುವುಗಳಲ್ಲಿ ಎದುರಾಗುತ್ತವೆ. ಮಳೆ ನಿಂತ ಎರಡು ದಿನ ಮೆತ್ತನೆಯ ಮಣ್ಣಿನ ದಾರಿಗೆ ಇಳಿಯಬೇಡಿ, ಚಕ್ರ ಕೊರೆದ ಗೆರೆಯಲ್ಲೇ ಮುಂದಿನ ಮಳೆಯ ನೀರು ಹರಿದು ಕೊರಕಲು ಬೀಳುತ್ತದೆ. ಆನೆ ಓಡಾಡುವ ಕಡೆ ಮುಂಜಾನೆ ಮುಸ್ಸಂಜೆ ಸವಾರಿ ಬೇಡ, ಸದ್ದಿಲ್ಲದ ಸೈಕಲ್ ಎದುರು ಬರುವವರೆಗೆ ಆನೆಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.